ನೀರಿನ ವರದಿ ಮಿತಿ ಮೀರಿ ಬಂದಾಗ: ಮಲೆನಾಡಿನ ಗ್ರಾಮ ಪಂಚಾಯಿತಿಗಳಿಗೆ ದೋಷ ನಿವಾರಣೆ ಕೈಪಿಡಿ

ಇದು ನೀರುಗಂಟಿಗಳಿಗೆ, ಪಿಡಿಒಗಳಿಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯವರಿಗೆ, ಫೀಲ್ಡ್ ಟೆಸ್ಟ್ ಕಿಟ್ ಹಿಡಿದು ಊರೂರಲ್ಲಿ ನೀರು ಪರೀಕ್ಷಿಸುವ ಮಹಿಳೆಯರಿಗೆ ಬರೆದದ್ದು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ನೀರಿನ ಮೂಲ ಒಂದೇ ಬಗೆಯದಲ್ಲ. ಒಂದೇ ಪಂಚಾಯಿತಿಯಲ್ಲಿ ತೆರೆದ ಬಾವಿ, ಕೊಳವೆಬಾವಿ, ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು, ಹೊಳೆ ದಂಡೆಯಲ್ಲಿ ನೀರೆತ್ತುವ ಬಾವಿಯಾದ ಜಾಕ್‌ವೆಲ್ ಎಲ್ಲವೂ ಇರುತ್ತವೆ. ಕೆಡುವ ಬಗೆಯೂ ಹಾಗೆಯೇ ಬೇರೆ ಬೇರೆ. ಆದರೆ ಎಲ್ಲ ಕಡೆಯೂ ಒಂದೇ ರೀತಿ ಆಗುವ ತಪ್ಪೊಂದಿದೆ. ವರದಿ ಕೈಗೆ ಬಂದ ಮೇಲೆ "ಇನ್ನೊಂದು ಸ್ಯಾಂಪಲ್ ಕಳಿಸಿ ನೋಡೋಣ" ಎಂದು ಕಾಯುವುದು. ಆ ವಾರವೆಲ್ಲ ಊರು ಅದೇ ನೀರು ಕುಡಿಯುತ್ತಿರುತ್ತದೆ. ತಿಳಿಸುವುದು, ದೋಷ ಹುಡುಕುವುದು ಎರಡನ್ನೂ ಒಂದೇ ದಿನ ಶುರು ಮಾಡಬೇಕು.

ಮೊದಲು ವರದಿಯನ್ನು ಓದುವುದು

ಕುಡಿಯುವ ನೀರಿನ ಮಿತಿಗಳು ಭಾರತೀಯ ಮಾನಕ ಐಎಸ್ 10500:2012ರಲ್ಲಿವೆ. ಅದರಲ್ಲಿ ಎರಡು ಕಾಲಂ: ಒಪ್ಪಬಹುದಾದ ಮಿತಿ, ಮತ್ತು ಬೇರೆ ಮೂಲ ಇಲ್ಲದಿದ್ದಾಗ ಸಹಿಸಬಹುದಾದ ಮಿತಿ. ಫ್ಲೋರೈಡ್ 1.0 ಮತ್ತು 1.5, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನಪದಾರ್ಥ) 500 ಮತ್ತು 2000, ತಾಮ್ರ 0.05 ಮತ್ತು 1.5 ಮಿ.ಗ್ರಾಂ/ಲೀ.; ಕಲಕು 1 ಮತ್ತು 5 ಎನ್‌ಟಿಯು. ಕೆಲವಕ್ಕೆ ಎರಡನೇ ಕಾಲಂನ ರಿಯಾಯಿತಿಯೇ ಇಲ್ಲ. ನೈಟ್ರೇಟ್ 45 ದಾಟಿದರೆ ದಾಟಿದಂತೆಯೇ; ಪಿಎಚ್ 6.5ರಿಂದ 8.5ರ ಒಳಗೇ ಇರಬೇಕು; ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ ಇ. ಕೋಲಿ 100 ಮಿ.ಲೀ. ನೀರಿನಲ್ಲಿ ಒಂದೂ ಕಾಣಬಾರದು. ಕಬ್ಬಿಣಕ್ಕೆ ಮೊದಲು 0.3 ಇದ್ದದ್ದು 2015ರ ತಿದ್ದುಪಡಿಯಲ್ಲಿ 1.0 ಆಯಿತು. ಹಳೆಯ ಚಾರ್ಟ್ ಗೋಡೆಗೆ ಅಂಟಿಸಿಕೊಂಡ ಕಚೇರಿಗಳಲ್ಲಿ ಇದೇ ಗೊಂದಲ: 0.6 ಬಂದರೆ ಒಬ್ಬರು ಕೆಟ್ಟಿದೆ ಎನ್ನುತ್ತಾರೆ, ಇನ್ನೊಬ್ಬರು ಸರಿಯಿದೆ ಎನ್ನುತ್ತಾರೆ.

ನೈಟ್ರೇಟ್ ಓದುವಾಗ ಘಟಕ ನೋಡಲೇಬೇಕು. ಕೆಲವು ಕಿಟ್‌ಗಳು, ಕೆಲವು ಲ್ಯಾಬ್‌ಗಳು ನೈಟ್ರೇಟನ್ನು ನೈಟ್ರೋಜನ್ ಲೆಕ್ಕದಲ್ಲಿ ಕೊಡುತ್ತವೆ. ಆ ಲೆಕ್ಕದಲ್ಲಿ ಮಿತಿ ಸುಮಾರು 10. ವರದಿಯಲ್ಲಿ 14 ಎಂದಿದ್ದರೆ, ನೈಟ್ರೋಜನ್ ಲೆಕ್ಕವಾದರೆ 4.43ರಿಂದ ಗುಣಿಸಬೇಕು, 62 ಆಗುತ್ತದೆ, ಮಿತಿ ಮೀರಿದೆ. ಘಟಕ ನೋಡದೆ "45ರ ಒಳಗಿದೆ" ಎಂದು ಫೈಲಿಗೆ ಸೇರಿಸಿಬಿಟ್ಟರೆ ಆ ತಪ್ಪು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಮೂರು ಸಂಗತಿ ನೋಡಿ: ಮಾದರಿ ತೆಗೆದ ದಿನ (ವರದಿ ಬರೆದ ದಿನವಲ್ಲ), ತೆಗೆದ ಜಾಗ, ಮೂಲದ ಸಂಖ್ಯೆ. "ಶಾಲೆ ಹತ್ತಿರದ ಬೋರ್" ಎಂದಷ್ಟೇ ಬರೆದಿದ್ದರೆ ಒಂದೇ ಹಳ್ಳಿಯಲ್ಲಿ ಅಂಥವು ಎರಡು ಇರಬಹುದು. ತಪ್ಪು ಬೋರಿಗೆ ಬೀಗ ಹಾಕಿ, ಕೆಟ್ಟ ಬೋರಿನ ನೀರನ್ನೇ ಬಿಡುತ್ತ ಹೋಗುವುದು ಹೀಗೆಯೇ.

ಕಾಯಬಾರದ್ದು, ಕಾಯಬಹುದಾದದ್ದು

ಇ. ಕೋಲಿ ಬಂದರೆ ಮರುಪರೀಕ್ಷೆಗೆ ಕಾಯಬೇಡಿ. ವರದಿ ಬಂದ ಗಂಟೆಯೊಳಗೆ ಫೋನ್, ಅದೇ ದಿನ ಪತ್ರ. ಮಾದರಿ ತೆಗೆಯುವಾಗ ಕೈ ತಾಗಿ ಕೆಟ್ಟಿರಬಹುದು ಎಂಬ ಅನುಮಾನವಿದ್ದರೂ ಸರಿ. ತಪ್ಪು ಎಚ್ಚರಿಕೆಯಿಂದ ಆಗುವ ನಷ್ಟ ಎರಡು ದಿನದ ಸೌದೆ, ಗ್ಯಾಸ್. ಎಚ್ಚರಿಕೆ ತಡವಾದರೆ ಆಗುವ ನಷ್ಟ ಮಕ್ಕಳ ವಾಂತಿಭೇದಿ. ನೈಟ್ರೇಟ್‌ಗೂ ಇದೇ ನಿಯಮ, ಮುಖ್ಯವಾಗಿ ಆರು ತಿಂಗಳೊಳಗಿನ ಬಾಟಲಿ ಹಾಲಿನ ಕೂಸುಗಳಿರುವ ಮನೆಗಳಿಗೆ. ತಾಮ್ರ 1.5 ದಾಟಿದರೂ ಹೀಗೆಯೇ. ಕೀಟನಾಶಕದ ವಾಸನೆ ಬಂದರೆ, ಹೊಳೆಯಲ್ಲಿ ಮೀನು ಸತ್ತು ತೇಲಿದರೆ, ಲ್ಯಾಬ್ ವರದಿಗೂ ಕಾಯಬಾರದು.

ಒಟ್ಟು ಕೋಲಿಫಾರ್ಮ್ (ಇ. ಕೋಲಿಯೂ ಸೇರಿದ ದೊಡ್ಡ ಬ್ಯಾಕ್ಟೀರಿಯಾ ಗುಂಪು) ಬಂದು ಇ. ಕೋಲಿ ಬರದಿದ್ದರೆ ಅದು ನಡುವಿನ ಸ್ಥಿತಿ. ಮಳೆಗಾಲದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಬಾವಿಗೆ ಇಳಿದರೂ ಹೀಗಾಗುತ್ತದೆ. ಆದರೂ ಎಲ್ಲೋ ಒಂದು ಕಡೆ ಹೊರಗಿನ ನೀರು ಒಳಗೆ ಬರುತ್ತಿದೆ ಎಂದೇ ಅರ್ಥ. ಪಿಡಿಒ ಮತ್ತು ಎಂಜಿನಿಯರಿಗೆ ಅದೇ ದಿನ ತಿಳಿಸಿ, ಕ್ಲೋರಿನ್ ಸರಿಮಾಡಿ, ಮರುಮಾದರಿ ಕಳಿಸಿ.

ಕಬ್ಬಿಣ, ಗಡಸುತನ, ಟಿಡಿಎಸ್, ಪಿಎಚ್‌ಗೆ ಮರುಮಾದರಿ ತೆಗೆದು ಖಚಿತಪಡಿಸಿಕೊಳ್ಳಲು ಸಮಯವಿದೆ. ಫ್ಲೋರೈಡ್ ವರ್ಷಗಟ್ಟಲೆ ಕುಡಿದಾಗ ಕೆಡುಕು ಮಾಡುವಂಥದ್ದು. ಖಚಿತಪಡಿಸಿಕೊಳ್ಳಿ, ಆದರೆ ಖಚಿತವಾದ ಮೇಲೆ ಮೂಲವನ್ನೇ ಬದಲಿಸುವ ಪ್ರಸ್ತಾವನೆ ಹೋಗಬೇಕು.

ಫೀಲ್ಡ್ ಟೆಸ್ಟ್ ಕಿಟ್‌ನ ಫಲಿತಾಂಶ ಸೂಚನೆ ಮಾತ್ರ, ಲ್ಯಾಬ್ ದೃಢಪಡಿಸಬೇಕು ಎಂಬುದು ನಿಜ. ಆದರೆ ಬ್ಯಾಕ್ಟೀರಿಯಾ ಬಾಟಲಿ ಕಪ್ಪಾದರೆ ಆ ಸೂಚನೆಯ ಮೇಲೆಯೇ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಇನ್ನೊಂದು ಮಾತು: ಈ ಬಾಟಲಿಗೆ 30ರಿಂದ 37 ಡಿಗ್ರಿ ಬೆಚ್ಚಗೆ ಬೇಕು. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ, ಪುಷ್ಯದ ಚಳಿಯಲ್ಲಿ ಅದು 24 ಗಂಟೆಗೆ ಕಪ್ಪಾಗದೇ ಇರಬಹುದು. ಬೆಚ್ಚಗಿನ ಜಾಗದಲ್ಲಿಟ್ಟು 48 ಗಂಟೆ ನೋಡದೆ "ನೀರು ಶುದ್ಧ" ಎಂದು ಬರೆಯಬೇಡಿ.

ಯಾರಿಗೆ, ಯಾವ ಕ್ರಮದಲ್ಲಿ

ಮೊದಲು ನೀರುಗಂಟಿ ಮತ್ತು ಪಿಡಿಒ. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಆಮೇಲೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ತಾಲ್ಲೂಕು ಎಂಜಿನಿಯರ್. ಅದರ ಬೆನ್ನಿಗೇ ಶಾಲೆಯ ಮುಖ್ಯ ಶಿಕ್ಷಕರು, ಅಂಗನವಾಡಿ, ಆಶಾ ಕಾರ್ಯಕರ್ತೆ. ಬಿಸಿಯೂಟದ ನೀರು ಬೆಳಿಗ್ಗೆಯೇ ತುಂಬುವುದರಿಂದ ಶಾಲೆಗೆ ಹಿಂದಿನ ಸಂಜೆಯೇ ಗೊತ್ತಾಗಬೇಕು. ಲಿಖಿತ ಪತ್ರ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅದರ ಒಂದು ನಕಲು ತಾಲ್ಲೂಕು ಆರೋಗ್ಯಾಧಿಕಾರಿಗೆ. ಕಾಯಿಲೆಯ ಪ್ರಕರಣಗಳೂ ಇದ್ದರೆ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಸುದ್ದಿ ಮುಟ್ಟಿದೆಯೇ ಎಂದು ವೈದ್ಯಾಧಿಕಾರಿಯನ್ನೇ ಕೇಳಿ. ಕಾರ್ಖಾನೆ ಅಥವಾ ತ್ಯಾಜ್ಯ ನೀರಿನ ಅನುಮಾನವಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಪ್ರಾದೇಶಿಕ ಕಚೇರಿಗೆ. ಯಾರೋ ವಿಷ ಬೆರೆಸಿದ ಅನುಮಾನವಿದ್ದರೆ ಪೊಲೀಸ್ ಠಾಣೆಗೆ.

ಹೊಳೆ ನೀರಾದರೆ ಕೆಳಗಿನ ಊರನ್ನು ಮರೆಯಬೇಡಿ. ತುಂಗೆ ಶೃಂಗೇರಿ ದಾಟಿ ತೀರ್ಥಹಳ್ಳಿಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಮುಂದಕ್ಕೆ. ವರದಾ ನದಿ ಸಾಗರ, ಸೊರಬ ಕಳೆದು ಹಾವೇರಿ ಜಿಲ್ಲೆಗೆ. ನಮ್ಮ ಜಾಕ್‌ವೆಲ್‌ನಲ್ಲಿ ಇವತ್ತು ಕಂಡದ್ದು ನಾಳೆ ಅವರ ಜಾಕ್‌ವೆಲ್‌ನಲ್ಲಿ ಕಾಣುತ್ತದೆ. ಬಹುಗ್ರಾಮ ಯೋಜನೆಯಾದರೆ ಅದೇ ಲೈನಿನ ಉಳಿದ ಪಂಚಾಯಿತಿಗಳಿಗೂ ಆ ದಿನವೇ ಫೋನ್ ಹೋಗಬೇಕು.

ಆರೋಗ್ಯ ಕೇಂದ್ರಕ್ಕೆ ಯಾರೂ ಮಲಗಿಲ್ಲದಿದ್ದರೂ ತಿಳಿಸಬೇಕು ಎನ್ನುವುದಕ್ಕೆ ಕಾರಣವಿದೆ. ವಾಂತಿಭೇದಿ ಒಂದೆರಡು ದಿನದಲ್ಲಿ ಕಾಣುತ್ತದೆ. ಹೆಪಟೈಟಿಸ್ ಎ ಕಾಮಾಲೆ ಹಾಗಲ್ಲ, ವೈರಸ್ ಹೊಟ್ಟೆಗೆ ಹೋಗಿ 15ರಿಂದ 50 ದಿನದ ನಡುವೆ, ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಕಾಣಿಸುತ್ತದೆ. ಮಾದರಿ ತೆಗೆದ ದಿನಾಂಕ ವೈದ್ಯರ ಬಳಿ ಇದ್ದರೆ ಮುಂದಿನ ತಿಂಗಳು ಬಂದ ಕಾಮಾಲೆಯನ್ನು ಅವರು ಆ ನಲ್ಲಿಗೆ ಜೋಡಿಸಬಲ್ಲರು.

ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು, ಒಂದೂ ಬಿಡಬಾರದು:

"ಡಾಕ್ಟ್ರೇ, ನಾನು … ಪಂಚಾಯಿತಿಯ ಪಿಡಿಒ. … ಮಜರೆಯ ತೆರೆದ ಬಾವಿ, ಮೂಲ ಸಂಖ್ಯೆ …. 12ನೇ ತಾರೀಕು ಬೆಳಿಗ್ಗೆ ತೆಗೆದ ಮಾದರಿಯಲ್ಲಿ ಇ. ಕೋಲಿ ಬಂದಿದೆ. ಈ ಬಾವಿಯಿಂದ 64 ಮನೆ, ಒಂದು ಶಾಲೆ, ಒಂದು ಅಂಗನವಾಡಿಗೆ ನೀರು ಹೋಗುತ್ತದೆ. ಈಗ ತುದಿಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಸೊನ್ನೆ. ಕುದಿಸಿ ಕುಡಿಯಲು ಹೇಳಿದ್ದೇವೆ. ಕ್ಲೋರಿನ್ ಮಾತ್ರೆ, ಓಆರ್‌ಎಸ್ ಬೇಕು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಫೋನ್ ಮಾಡುತ್ತೇನೆ."

ಯಾವ ಮೂಲ, ಯಾವಾಗಿನ ಮಾದರಿ, ಏನು ಎಷ್ಟು ಬಂದಿದೆ, ಎಷ್ಟು ಜನ ಕುಡಿಯುತ್ತಾರೆ, ಈಗ ಏನು ಮಾಡಿದೆ, ನಿಮ್ಮಿಂದ ಏನು ಬೇಕು, ಮತ್ತೆ ಯಾವಾಗ ಮಾತು. ಪತ್ರದಲ್ಲೂ ಇದೇ ಸಾಲುಗಳು, ಮೇಲೆ ಲ್ಯಾಬ್ ವರದಿಯ ಪ್ರತಿ. "ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ" ಎಂದಷ್ಟೇ ಬರೆದ ಪತ್ರ ಮೇಜಿನಿಂದ ಮೇಜಿಗೆ ಹೋಗುತ್ತದೆ, ಕೆಲಸ ಯಾರದ್ದೂ ಆಗುವುದಿಲ್ಲ.

ಊರಿಗೆ ಏನು ಹೇಳಬೇಕು ಎಂಬುದರಲ್ಲಿ ದೊಡ್ಡ ತಪ್ಪು ನಡೆಯುತ್ತದೆ. ಯಾವ ವರದಿ ಬಂದರೂ "ನೀರು ಕುದಿಸಿ ಕುಡಿಯಿರಿ" ಎಂದು ಸಾರುವುದು ರೂಢಿ. ಬ್ಯಾಕ್ಟೀರಿಯಾಕ್ಕೆ ಅದು ಸರಿ: ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ನೈಟ್ರೇಟ್, ಫ್ಲೋರೈಡ್, ತಾಮ್ರಕ್ಕೆ ಕುದಿಸುವುದು ಕೆಡುಕೇ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಾಢವಾಗುತ್ತದೆ. ನೈಟ್ರೇಟ್, ಫ್ಲೋರೈಡ್ ಬಂದಲ್ಲಿ ಹೇಳಬೇಕಾದದ್ದು "ಈ ನಲ್ಲಿಯ ನೀರನ್ನು ಕುಡಿಯಲು, ಅಡುಗೆಗೆ, ಕೂಸಿನ ಹಾಲಿಗೆ ಬಳಸಬೇಡಿ, ಸ್ನಾನಕ್ಕೆ, ಬಟ್ಟೆಗೆ ಅಡ್ಡಿಯಿಲ್ಲ, ಕುಡಿಯುವ ನೀರು ಇಂಥ ಕಡೆ ಸಿಗುತ್ತದೆ" ಎಂದು.

ಬ್ಯಾಕ್ಟೀರಿಯಾ ಬಂದಾಗ ಗಾಬರಿಯಿಂದ ವಾಲ್ವ್ ಮುಚ್ಚಿಬಿಡುವುದೂ ಬೇಡ. ಪೈಪಿನಲ್ಲಿ ಒತ್ತಡ ಇಳಿದರೆ ಸೋರುವ ಜಾಗಗಳಿಂದ ಚರಂಡಿ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ, ಜನರೂ ಪರೀಕ್ಷೆಯೇ ಆಗದ ಬಾವಿಗೆ ಹೋಗುತ್ತಾರೆ. ನೀರು ಬಿಡುತ್ತಲೇ ಇರಿ, ಕುದಿಸಲು ಹೇಳಿ, ಕ್ಲೋರಿನ್ ಏರಿಸಿ. ವಿಷದ, ಕೀಟನಾಶಕದ, ತಾಮ್ರದ ಅನುಮಾನವಿದ್ದಾಗ ಮಾತ್ರ ಕೂಡಲೇ ಬಂದ್.

ತಿಳಿಸಿದರೂ ಏನೂ ಆಗದಿದ್ದರೆ

ಸುದ್ದಿ ಎಲ್ಲಿ ನಿಂತಿತು ಎಂದು ಹುಡುಕುವುದೂ ಪೈಪಿನ ಸೋರಿಕೆ ಹುಡುಕಿದಂತೆ. ಒಂದು ತುದಿಯಿಂದ ಹಿಡಿದು ಬರಬೇಕು.

ನೀರಿನ ಪರೀಕ್ಷೆಯ ಫಲಿತಾಂಶ ದಾಖಲಾಗುವ ಸರ್ಕಾರಿ ಪೋರ್ಟಲಿನಲ್ಲಿ ವರದಿ ಇದ್ದು ಪಂಚಾಯಿತಿಗೆ ಗೊತ್ತಿಲ್ಲದಿದ್ದರೆ, ಅಲ್ಲಿ ನಮೂದಾದ ಮೊಬೈಲ್ ಸಂಖ್ಯೆ ವರ್ಗವಾಗಿ ಹೋದವರದ್ದೇ ಎಂದು ಮೊದಲು ನೋಡಿ. ವರ್ಗಾವಣೆಯ ಕಾಲ ಮುಗಿದ ಕೂಡಲೇ ಪಿಡಿಒ, ಎಂಜಿನಿಯರ್, ವೈದ್ಯಾಧಿಕಾರಿಗಳ ಸಂಖ್ಯೆಗಳನ್ನು ತಾಜಾ ಮಾಡಿ ಪಂಪ್‌ಹೌಸಿನ ಬಾಗಿಲ ಒಳಬದಿಗೆ ಅಂಟಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಹಾಕಿದ್ದು ತಿಳಿಸಿದಂತಲ್ಲ. "ನೋಡಿದೆ" ಎಂಬ ಉತ್ತರ ಬರಬೇಕು, ಇಲ್ಲದಿದ್ದರೆ ಫೋನ್. ಪತ್ರ ಹೋಗಿದೆ ಎಂದರೆ ಆವಕ ಸಂಖ್ಯೆ ಎಷ್ಟು ಎಂದು ಕೇಳಿ. ಸಂಖ್ಯೆಯಿಲ್ಲದ ಪತ್ರ ಇನ್ನೂ ಟಪಾಲಿನಲ್ಲೇ ಇದೆ ಎಂದು ತಿಳಿಯಿರಿ. ಶನಿವಾರ ಮಧ್ಯಾಹ್ನ ಬಂದ ವರದಿ ಸೋಮವಾರದವರೆಗೆ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ ಒಬ್ಬರ ಹೆಸರಿಗೆ ಬರೆದಿಡಿ.

ಊರಿನ ಕಡೆಯ ತುದಿಯೂ ಸಡಿಲವೇ. ಇಲ್ಲಿನ ಮನೆಗಳು ಒತ್ತಾಗಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಎರಡು ಮನೆ. ಸ್ವಚ್ಛ ವಾಹಿನಿಯ ಮೈಕ್ ಡಾಂಬರು ರಸ್ತೆ ಮುಗಿದಲ್ಲಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಸತ್ತು ಫೋನೂ ಇಲ್ಲ. ಹಾಗಾಗಿ ಡೇರಿಗೆ ಹಾಲು ಹಾಕಲು ಬರುವ ಬೆಳಗಿನ ಹೊತ್ತು, ನ್ಯಾಯಬೆಲೆ ಅಂಗಡಿ, ಶಾಲೆ ಮಕ್ಕಳ ಕೈಯಲ್ಲಿ ಚೀಟಿ, ಇವೇ ಗಟ್ಟಿ ದಾರಿ. ಮನೆಪಟ್ಟಿ ಹಿಡಿದು ಆಶಾ ಕಾರ್ಯಕರ್ತೆ ಟಿಕ್ ಹಾಕುತ್ತ ಹೋದರೆ ಬಿಟ್ಟುಹೋದ ಮನೆ ಯಾವುದು ಎಂದು ಸಂಜೆಗೆ ಗೊತ್ತಾಗುತ್ತದೆ.

ದೋಷ ಎಲ್ಲಿದೆ: ನಾಲ್ಕು ಜಾಗ, ಒಂದೇ ಬೆಳಿಗ್ಗೆ

ಮೂಲದಲ್ಲಿ (ಕ್ಲೋರಿನ್ ಸೇರುವ ಮುಂಚೆ), ಓವರ್‌ಹೆಡ್ ಟ್ಯಾಂಕಿನ ಹೊರಕೊಳವೆಯಲ್ಲಿ, ಲೈನಿನ ನಡುವೆ, ಕೊನೆಯ ಮನೆಯ ನಲ್ಲಿಯಲ್ಲಿ ಮಾದರಿ ತೆಗೆಯಿರಿ. ಕ್ಲೋರಿನ್ ಸೇರಿದ ಮೂರೂ ಕಡೆ ಉಳಿಕೆ ಕ್ಲೋರಿನ್ ಅಲ್ಲಿಯೇ ಅಳೆದು ಬರೆಯಿರಿ. ಬೇರೆ ಬೇರೆ ದಿನ ತೆಗೆದ ಮಾದರಿಗಳನ್ನು ಹೋಲಿಸಿ ಏನೂ ಹೇಳಲಾಗದು. ನಡುವೆ ಒಂದು ಮಳೆ ಬಂದರೆ ಲೆಕ್ಕವೇ ಬದಲು.

ಮೂಲ ಕೆಟ್ಟಿದ್ದು ಟ್ಯಾಂಕಿನ ನೀರು ಚೆನ್ನಾಗಿದ್ದರೆ ಕ್ಲೋರಿನ್ ಕೆಲಸ ಮಾಡುತ್ತಿದೆ, ಬಾವಿಯ ರಕ್ಷಣೆ ಕುಸಿದಿದೆ. ಕಟ್ಟೆಯ ಬಿರುಕು, ಸುತ್ತಲ ಚಪ್ಪಡಿ, ಹತ್ತಿರದ ಗೊಬ್ಬರ ಗುಂಡಿ ನೋಡಿ. ಮೂಲ ಸರಿಯಿದ್ದು ಟ್ಯಾಂಕು ಕೆಟ್ಟಿದ್ದರೆ ಮುಚ್ಚಳ, ಜಾಲರಿಯಿಲ್ಲದ ಗಾಳಿಕೊಳವೆ, ತಳದ ಕೆಸರು, ಒಳಗೆ ಬಿದ್ದ ಹಕ್ಕಿ. ಟ್ಯಾಂಕು ಸರಿಯಿದ್ದು ತುದಿ ಕೆಟ್ಟಿದ್ದರೆ ಪೈಪು. ಆಗ ನಡುವಿನ ವಾಲ್ವ್‌ನಲ್ಲಿ ಕ್ಲೋರಿನ್ ಅಳೆದು, ಇರುವ ಅರ್ಧ ಬಿಟ್ಟು ಇಲ್ಲದ ಅರ್ಧವನ್ನು ಮತ್ತೆ ಎರಡು ಮಾಡುತ್ತ ಹೋಗಿ. ಚರಂಡಿ ದಾಟುವ ಜಾಗ, ಹೊಂಡದಲ್ಲಿ ಮುಳುಗಿದ ವಾಲ್ವ್ ಚೇಂಬರ್, ರಸ್ತೆ ಅಗೆದು ಹೊಸದಾಗಿ ಮುಚ್ಚಿದ ಕಡೆ ಮೊದಲು ನೋಡಿ.

ಕ್ಲೋರಿನ್ ಸೊನ್ನೆ ಬರುವುದೇಕೆ

ಇದೇ ಅತಿ ಸಾಮಾನ್ಯ ದೋಷ. ಕಾರಣ ಮಾತ್ರ ಹಲವು.

ಮೊದಲನೆಯದು ಬಾವಿಯ ಲೆಕ್ಕ. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. 1000 ಲೀಟರಿಗೆ 2.5 ಗ್ರಾಂ ಸಾಕು. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ, 3.14 × 3 × 3 × 4 ÷ 4 = 28.26 ಘನ ಮೀಟರ್, ಅಂದರೆ ಸುಮಾರು 28,000 ಲೀಟರ್, ಸುಮಾರು 70 ಗ್ರಾಂ ಪೌಡರ್. ಆಷಾಢದಲ್ಲಿ ಅದೇ ಬಾವಿಯ ನೀರು ಎಂಟು ಮೀಟರಿಗೆ ಏರುತ್ತದೆ. ಆಗ 140 ಗ್ರಾಂ ಬೇಕು. ಬೇಸಿಗೆಯ ಅಳತೆ ಲೋಟವನ್ನೇ ಮಳೆಗಾಲಕ್ಕೂ ಬಳಸಿದರೆ, ಕೊಳೆ ಹೆಚ್ಚು ಬರುವ ಕಾಲದಲ್ಲೇ ಕ್ಲೋರಿನ್ ಅರ್ಧಕ್ಕಿಳಿಯುತ್ತದೆ.

ಎರಡನೆಯದು ಪೌಡರೇ ಸತ್ತಿರುವುದು. ನಮ್ಮ ಮಳೆಗಾಲದ ತೇವಕ್ಕೆ ಬಾಯಿ ಬಿಚ್ಚಿದ ಚೀಲ ಗಟ್ಟಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಹಲಗೆಯ ಮೇಲೆ, ಮೋಟರ್ ಸ್ಟಾರ್ಟರಿನಿಂದ ದೂರ ಇಡಿ. ಅದರ ಆವಿ ತಾಮ್ರದ ತಂತಿ, ಕಬ್ಬಿಣ ಎರಡನ್ನೂ ತಿನ್ನುತ್ತದೆ. 50,000 ಲೀಟರ್ ಟ್ಯಾಂಕಿಗೆ ಶೇ. 33ರ ಪೌಡರ್ 125 ಗ್ರಾಂ ಸಾಕಾದರೆ, ಶೇ. 25ಕ್ಕೆ ಇಳಿದದ್ದು 165 ಗ್ರಾಂ ಬೇಕು. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹಾಕಿ, ನೀರು ಬಿಡುವ ಮುಂಚೆ ಒಂದು ಗಂಟೆ ಕೊಡಿ.

ಮೂರನೆಯದು ಮಲೆನಾಡಿನ ಜಂಬಿಟ್ಟಿಗೆ ನೆಲದ ಕಬ್ಬಿಣ. ಒಂದು ಮಿ.ಗ್ರಾಂ ಕಬ್ಬಿಣ ಸುಮಾರು 0.62 ಮಿ.ಗ್ರಾಂ ಕ್ಲೋರಿನ್ ನುಂಗುತ್ತದೆ. ಲೀಟರಿಗೆ ಒಂದು ಮಿ.ಗ್ರಾಂ ಕಬ್ಬಿಣವಿರುವ ನೀರಾದರೆ ಅದೇ 50,000 ಲೀಟರಿಗೆ 31 ಗ್ರಾಂ ಕ್ಲೋರಿನ್, ಅಂದರೆ 94 ಗ್ರಾಂ ಪೌಡರ್ ಹೆಚ್ಚುವರಿ ಬೇಕು. ಕಲಕು ನೀರೂ ಕ್ಲೋರಿನ್ ತಿನ್ನುತ್ತದೆ. ಮಣ್ಣಿನ ಕಣದೊಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಮುಟ್ಟುವುದೂ ಇಲ್ಲ.

ಅಳೆಯುವಾಗಲೂ ಮೋಸ ಹೋಗಬಹುದು. ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ದ್ರಾವಣ ಹಾಕಿದ ಕೂಡಲೇ ಬರುವ ಹಳದಿಯೇ ಮುಕ್ತ ಕ್ಲೋರಿನ್. ಐದು ನಿಮಿಷ ಬಿಟ್ಟು ನೋಡಿದರೆ ಒಟ್ಟು ಕ್ಲೋರಿನ್ ಸೇರಿ ಹೆಚ್ಚು ಕಾಣುತ್ತದೆ. ಕಬ್ಬಿಣ, ಮ್ಯಾಂಗನೀಸ್ ಇರುವ ನೀರು ಕ್ಲೋರಿನ್ ಇಲ್ಲದೆಯೂ ಹಳದಿ ತಿರುಗಬಹುದು. ಅನುಮಾನ ಬಂದರೆ ಕ್ಲೋರಿನ್ ಹಾಕದ ಮೂಲದ ನೀರಿಗೇ ದ್ರಾವಣ ಹಾಕಿ ನೋಡಿ. ಅಲ್ಲೂ ಹಳದಿ ಬಂದರೆ ಆ ಓದು ನಂಬಬೇಡಿ. ತುದಿಯ ನಲ್ಲಿಯಲ್ಲಿ ಕನಿಷ್ಠ 0.2 ಮಿ.ಗ್ರಾಂ/ಲೀ. ಉಳಿಯಬೇಕು.

ಕಬ್ಬಿಣ, ತಾಮ್ರ, ನೈಟ್ರೇಟ್

ಬೋರಿನಿಂದ ತಿಳಿಯಾಗಿ ಬಂದ ನೀರು ಬಕೆಟ್ಟಿನಲ್ಲಿ ಅರ್ಧ ಗಂಟೆಗೆ ಕೆಂಪಾದರೆ ಕಬ್ಬಿಣ ನೆಲದ್ದು. ಬೋರಿನ ನೀರು ತಿಳಿಯಾಗಿಯೇ ಉಳಿದು, ಬೆಳಗಿನ ಮೊದಲ ನಲ್ಲಿ ನೀರು ಮಾತ್ರ ಕೆಂಪಾದರೆ ಅದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕು. ಇಲ್ಲಿನ ಮೃದುವಾದ, ಕೊಂಚ ಹುಳಿಯ ನೀರು ಪೈಪನ್ನು ಬೇಗ ತಿನ್ನುತ್ತದೆ, ಪಿಎಚ್ 6.5ಕ್ಕಿಂತ ಕೆಳಗಿದೆಯೇ ನೋಡಿ. ಎರಡಕ್ಕೂ ಮದ್ದು ಬೇರೆ: ಮೊದಲನೆಯದಕ್ಕೆ ಕಬ್ಬಿಣ ತೆಗೆಯುವ ಘಟಕ, ಎರಡನೆಯದಕ್ಕೆ ಪೈಪು ಬದಲು. ಪತ್ರದಲ್ಲಿ ಈ ವ್ಯತ್ಯಾಸ ಬರೆಯದಿದ್ದರೆ ತುಕ್ಕು ಹಿಡಿದ ಪೈಪಿಗೆ ಫಿಲ್ಟರ್ ಮಂಜೂರಾಗಿ ಬರುತ್ತದೆ.

ತಾಮ್ರ ಬಂದರೆ ಕೊಳೆರೋಗದ ಔಷಧಿ ನೆನಪಿಸಿಕೊಳ್ಳಿ. ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್). ಬಾವಿಕಟ್ಟೆಯ ಪಕ್ಕದಲ್ಲೇ ಡ್ರಮ್ ಇಟ್ಟು ಕಲಸುವುದು, ತೊಳೆದ ನೀರು ಚೆಲ್ಲುವುದು ಜೂನ್‌ನಿಂದ ಆಗಸ್ಟ್‌ವರೆಗೆ ತೋಟದ ಬಾವಿಗಳಿಗೆ ದೊಡ್ಡ ಅಪಾಯ. ಆ ತಿಂಗಳುಗಳ ಮಾದರಿಯಲ್ಲಿ ತಾಮ್ರವನ್ನೂ ಪರೀಕ್ಷಿಸಲು ಲ್ಯಾಬಿಗೆ ಬರೆದುಕೊಡಿ. ಕೇಳದಿದ್ದರೆ ನೋಡದೇ ಬಿಡಬಹುದು. ನೈಟ್ರೇಟ್‌ಗೆ ಕೊಟ್ಟಿಗೆಯ ಗಂಜಲ, ಗೊಬ್ಬರ ಗುಂಡಿ, ಶೌಚದ ಗುಂಡಿ ಕಾರಣ, ಇ. ಕೋಲಿಯೂ ಜೊತೆಗೆ ಬಂದಿದ್ದರೆ ಅನುಮಾನವೇ ಬೇಡ.

ಮರುಮಾದರಿ ಕೆಡದಂತೆ

ಬ್ಯಾಕ್ಟೀರಿಯಾ ಬಾಟಲಿಯೊಳಗಿನ ಥಯೋಸಲ್ಫೇಟ್ ತೊಳೆದು ಚೆಲ್ಲಬೇಡಿ. ಕ್ಲೋರಿನ್ ದಾರಿಯಲ್ಲಿ ಕೆಲಸ ಮುಂದುವರಿಸಿ ಸುಳ್ಳು ಫಲಿತಾಂಶ ಕೊಡದಿರಲೆಂದೇ ಅದನ್ನು ಹಾಕಿರುತ್ತಾರೆ. ಸೋರುವ ನಲ್ಲಿ, ರಬ್ಬರ್ ಪೈಪು ಸಿಕ್ಕಿಸಿದ ನಲ್ಲಿ ಬೇಡ. ನಲ್ಲಿಯ ಬಾಯಿ ಸ್ಪಿರಿಟ್ ಜ್ವಾಲೆಯಲ್ಲಿ ಕಾಯಿಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಮುಚ್ಚಳದ ಒಳಮೈ ಮುಟ್ಟದೆ, ಮೇಲೆ ಒಂದಿಂಚು ಖಾಲಿ ಬಿಟ್ಟು ತುಂಬಿ. ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸುವುದು ಒಳ್ಳೆಯದು, 24 ಗಂಟೆ ದಾಟಲೇಬಾರದು. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಊರಿನ ಕಡೆಯಿಂದ ಶಿವಮೊಗ್ಗಕ್ಕೆ ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಕಳಿಸಿದ ಬಾಟಲಿ ಸಂಜೆ ಲ್ಯಾಬ್ ಮುಚ್ಚಿದ ಮೇಲೆ ತಲುಪುತ್ತದೆ. ಬೆಳಗಿನ ಮೊದಲ ಬಸ್ಸೇ ಸರಿ. ಕಬ್ಬಿಣ, ತಾಮ್ರಕ್ಕೆ ಬೇರೆ ಬಾಟಲಿ, ಲ್ಯಾಬಿನವರು ಕೊಡುವ ನೈಟ್ರಿಕ್ ಆಮ್ಲ ಹಾಕಿದ್ದು. ಆಮ್ಲವಿಲ್ಲದಿದ್ದರೆ ಕಬ್ಬಿಣ ಗಷ್ಟಾಗಿ ತಳಕ್ಕೆ ಅಂಟಿ ವರದಿಯಲ್ಲಿ ಕಡಿಮೆ ಬರುತ್ತದೆ.

ಮುಗಿಯಿತು ಎಂದು ಬರೆಯುವುದು ಯಾವಾಗ

ಬಾವಿಗೆ ಜೋರಾಗಿ ಕ್ಲೋರಿನ್ ಹಾಕಿದ ಮರುದಿನ ತೆಗೆದ ಮಾದರಿ ಚೆನ್ನಾಗಿಯೇ ಬರುತ್ತದೆ. ಅದರಿಂದ ದೋಷ ಹೋಗಿದೆ ಎಂದಾಗುವುದಿಲ್ಲ. ಉಳಿಕೆ ಕ್ಲೋರಿನ್ ದಿನನಿತ್ಯದ ಮಟ್ಟಕ್ಕೆ ಇಳಿದ ಮೇಲೆ, 24 ಗಂಟೆ ಅಂತರದಲ್ಲಿ ಎರಡು ಮಾದರಿ, ಎರಡೂ ತುದಿಯ ನಲ್ಲಿಯಿಂದ. ಎರಡೂ ಸರಿ ಬಂದ ಮೇಲೆ, ಎಚ್ಚರಿಕೆ ಕೊಟ್ಟ ಅಷ್ಟೂ ಜನರಿಗೆ ಅದೇ ದಾರಿಯಲ್ಲಿ "ಈಗ ಕುಡಿಯಬಹುದು" ಎಂದು ತಿಳಿಸಿ. ಇದನ್ನು ಬಿಟ್ಟರೆ ಮುಂದಿನ ಸಲದ ಎಚ್ಚರಿಕೆಯನ್ನು ಊರು ನಂಬುವುದಿಲ್ಲ. ಆಮೇಲೆ ಪೋರ್ಟಲಿನಲ್ಲಿ ತೆಗೆದುಕೊಂಡ ಕ್ರಮ ನಮೂದಿಸಿ, ಪಂಚಾಯಿತಿಯ ವಹಿಯಲ್ಲಿ ಇಷ್ಟು ಕಾಲಂ ತುಂಬಿ: ಮಾದರಿ ತೆಗೆದ ದಿನ ಮತ್ತು ಗಂಟೆ, ವರದಿ ಬಂದ ಗಂಟೆ, ಯಾರಿಗೆ ಎಷ್ಟು ಗಂಟೆಗೆ ಫೋನ್, ಆವಕ ಸಂಖ್ಯೆ, ಕಂಡ ಕಾರಣ, ಮಾಡಿದ ರಿಪೇರಿ, ಎರಡು ಮರುಮಾದರಿಗಳ ಫಲಿತಾಂಶ, ಎಚ್ಚರಿಕೆ ತೆಗೆದ ದಿನ.